ಅವರಿಗೆ ಇವಳಿಂದ ಏನಾಗ್ಬೇಕು?

ಅವರು ತೀರಿಕೊಂಡ ಸುದ್ದಿಯನ್ನು ಅವ್ವ ಫೋನಿನಲ್ಲಿ ಹೇಳಿದಾಗ ನಾನು ಭುವನೇಶ್ವರದ ಹತ್ತಿರದ ನಮ್ಮ ಹಾಸ್ಟೆಲ್ಲಿನ ಟೆರೇಸಿನಲ್ಲಿ ಬಟ್ಟೆ ಒಣಗಹಾಕುತ್ತಿದ್ದೆ. "ಓನರ್ ತಾತ ಹೋದ್ರವ್ವ" ಎಂದಳು. ಆಮೇಲೆ ಏನೋ ನೆನಪಾದವಳಂತೆ, "ಆಸ್ಪತ್ರ್ಯಾಗ ನರ್ಸಮ್ಮಗ ಗಂಟುಬಿದ್ದಿದ್ರಂತ. ಇದು ಯಾವ ಸೂಜಿ, ಯಾರು ಹೇಳಿದ್ದು, ಬಾಟ್ಲಿ ತೋರ್ಸು ಅಂತ. ಆಕಿ ತೋರ್ಸಿದ ಮ್ಯಾಲೇ ಕೈ ಚಾಚಿದ್ರಂತ" ಎಂದಳು. ಹೇಳುತ್ತ ಹೇಳುತ್ತ ಅವಳಿಗೆ ನಗು ಬಂತು, ನನಗೂ ಬಂತು. ಸಾವಿನ ಸುದ್ದಿ ಹೇಳುವಾಗ ನಗಬಾರದೆಂದು ಇಬ್ಬರಿಗೂ ಗೊತ್ತಿತ್ತು. ಆದರೆ ಅವರನ್ನು ಬಲ್ಲವರು ಆ ಮಾತು ಕೇಳಿ ನಗದೆ ಇರುವುದು ಕಷ್ಟ.

ಕಗ್ಗದಾಸಪುರದಲ್ಲಿ ನಾವು ಬಾಡಿಗೆಗಿದ್ದ ವಟಾರದ ಮಾಲೀಕರು ಅವರು. ವಿಮಾನಪುರದ ಕಾರ್ಖಾನೆಯ ಗೇಟಿನಲ್ಲಿ ಸೆಕ್ಯೂರಿಟಿ ಕೆಲಸ ಮಾಡಿ ನಿವೃತ್ತರಾಗಿದ್ದರು. ಹುಟ್ಟಿ ಬೆಳೆದದ್ದು ಹಲಸೂರಿನಲ್ಲಿ. ಹೆಂಡತಿಯೊಂದಿಗೆ ತಮಿಳು, ನಮ್ಮೊಂದಿಗೆ ಕನ್ನಡ, ಸಿಟ್ಟು ಬಂದರೆ ಇಂಗ್ಲಿಷ್. ಎತ್ತರದ ಆಳು, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಮನೆಯೊಳಗೂ ಕಾಲಲ್ಲಿ ಸಾಕ್ಸು. ವಟಾರದ ಕಬ್ಬಿಣದ ಗೇಟಿನ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ ಇತ್ತು. ಅದರಲ್ಲಿ ಅವರು ಕೂತದ್ದಕ್ಕಿಂತ ಅದರ ಬೆನ್ನಿಗೆ ಕೈಯಿಟ್ಟು ನಿಂತದ್ದೇ ಹೆಚ್ಚು. ಯಾರಾದರೂ ಕೈಯಲ್ಲಿ ಏನಾದರೂ ಹಿಡಿದು ಒಳಗೆ ಬಂದರೆ ಬಲಗೈಯ ಎರಡು ಬೆರಳನ್ನು ತಮ್ಮ ಕಡೆಗೆ ಮಡಿಸುತ್ತಿದ್ದರು. ಚೀಲ ತೆರೆ ಎಂದು ಅದರ ಅರ್ಥ. ಬಾಯಿಬಿಟ್ಟು ಹೇಳುತ್ತಿರಲಿಲ್ಲ. ವಟಾರದ ಮಕ್ಕಳು ಶಾಲೆಯಿಂದ ಬರುವಾಗ ಬೆರಳು ಅಲ್ಲಾಡುವ ಮೊದಲೇ ಊಟದ ಡಬ್ಬಿ ತೆರೆದು ತೋರಿಸಿ ಓಡುತ್ತಿದ್ದವು. ಅವರನ್ನು 'ಚೆಕ್ಕಿಂಗ್ ತಾತ' ಎಂದು ಕರೆಯುತ್ತಿದ್ದವು. ಅದು ಅವರಿಗೆ ಗೊತ್ತಿತ್ತು, ಬೇಸರವೇನೂ ಇರಲಿಲ್ಲ.

ನಾವು ಸುರಪುರದ ಕಡೆಯವರು. ಅಪ್ಪ ಗಾರೆ ಕೆಲಸಕ್ಕೆಂದು ಬೆಂಗಳೂರಿಗೆ ಬಂದು, ಆಮೇಲೆ ಅವ್ವನನ್ನೂ ನನ್ನನ್ನೂ ಕರೆತಂದ. ಆ ವಟಾರದಲ್ಲಿ ಕೋಣೆ ಕೇಳಲು ಹೋದಾಗ ಅವರು ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ ಗೇಟಿನೊಳಗೆ ಕರೆದು ಒಂದೇ ಪ್ರಶ್ನೆ ಕೇಳಿದರು: ನಿಮ್ಮೂರಲ್ಲಿ ಬಸ್ಸು ಎಲ್ಲಿ ನಿಲ್ಲುತ್ತೆ? ಅಪ್ಪ ಚಹಾದ ಅಂಗಡಿ ಮುಂದೆ ಎಂದ. ಅವ್ವ ಬೇವಿನ ಮರದ ಕೆಳಗೆ ಎಂದಳು. ನಾನು ಹನುಮಪ್ಪನ ಗುಡಿ ಹತ್ತಿರ ಎಂದೆ. ಎಲ್ಲವೂ ಒಂದೇ ಜಾಗವೇ, ಆದರೆ ಹೊರಗೆ ಬಂದು ಉತ್ತರ ಹೋಲಿಸಿ ನೋಡಿದ ಅಪ್ಪ ಇನ್ನು ಕೋಣೆ ಸಿಗುವುದಿಲ್ಲವೆಂದೇ ತಿಳಿದ. ಅವರು ಒಳಗೆ ಹೋಗಿ ಬೀಗದ ಕೈ ತಂದುಕೊಟ್ಟರು.

"ಮೂರು ಜನ ಒಂದೇ ಥರ ಹೇಳಿದ್ರೆ ಕಲ್ತುಕೊಂಡು ಬಂದಿದ್ದಾರೆ ಅಂತ" ಎಂದರು.

ಈ ಕಥೆಯನ್ನು ಕೇಳಿದಾಗಲೆಲ್ಲ ಅವರ ಹೆಂಡತಿ, ನಾವು ಅಜ್ಜಿ ಎನ್ನುತ್ತಿದ್ದವರು, ತಮಿಳಿನ ಮುದ್ದಿನಲ್ಲಿ ನನ್ನನ್ನು 'ಕಣ್ಣು' ಎಂದು ಕರೆಯುತ್ತ ಅಡುಗೆಮನೆಯಿಂದಲೇ ಹೇಳುತ್ತಿದ್ದರು: "ನನ್ನ ನೋಡೋಕೆ ಬಂದಾಗ ಕಾಫಿ ಕೊಟ್ಟೆ ಕಣ್ಣು. ಕಪ್ ಎತ್ತಿ ಕೆಳಗೆ ನೋಡಿದ್ರು. ಬಾಡಿಗೆಗೆ ತಂದ ಕಪ್ಪಾ ಅಂತ."

ಹೀಗೆ ಹೇಳಿದರೆ ಅವರು ತಮಾಷೆಯ ಮನುಷ್ಯ ಎನ್ನಿಸಬಹುದು. ಜೊತೆಗಿದ್ದವರಿಗೆ ಅಷ್ಟು ತಮಾಷೆಯಾಗಿರಲಿಲ್ಲ. ಅವರ ಅನುಮಾನ ಹತ್ತರಲ್ಲಿ ಒಂಬತ್ತು ಸಲ ತಪ್ಪಾಗುತ್ತಿತ್ತು. ಮೀಟರ್ ನೋಡಲು ಬಂದವರು ಗುರುತಿನ ಚೀಟಿ ತೋರಿಸಿ, ಅದರ ಫೋಟೋಗೂ ತಮ್ಮ ಮುಖಕ್ಕೂ ಯಾಕೆ ಹೋಲಿಕೆಯಿಲ್ಲವೆಂದು ವಿವರಿಸಬೇಕಾಗಿತ್ತು. ಎದುರು ಕೋಣೆಯಲ್ಲಿದ್ದ ಬಳ್ಳಾರಿ ಕಡೆಯ ದಂಪತಿ, "ನಾವೇನ್ ಕಳ್ಳರೇನ್ರಿ?" ಎಂದು ಜಗಳವಾಡಿ ಖಾಲಿ ಮಾಡಿಕೊಂಡು ಹೋದರು. ಅಜ್ಜಿಯ ಸ್ವಂತ ತಂಗಿ ಬರುವುದನ್ನೇ ಬಿಟ್ಟರು.

ನಾನು ಕೆ.ಆರ್. ಪುರದ ಕಡೆಯ ಒಂದು ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ನಮ್ಮ ಗಣಿತದ ಮೇಡಂ ಎರಡನೆಯ ವರ್ಷದಲ್ಲಿ ಒಂದು ದಿನ ನನ್ನನ್ನು ಕೂರಿಸಿಕೊಂಡು, ಒಡಿಶಾದಲ್ಲಿ ಒಂದು ವಿಶ್ವವಿದ್ಯಾಲಯವಿದೆ, ಬೇರೆ ಕಾಲೇಜಿನಲ್ಲಿ ಎರಡು ವರ್ಷ ಮುಗಿಸಿದವರಲ್ಲಿ ಕೆಲವರನ್ನು ಆರಿಸಿ ನೇರ ಮೂರನೆಯ ವರ್ಷಕ್ಕೆ ಸೇರಿಸಿಕೊಳ್ಳುತ್ತಾರೆ, ದೇಶದ ಎಲ್ಲ ಕಡೆಯಿಂದ ಅರ್ಜಿ ಬರುತ್ತೆ, ಸೀಟು ಬೆರಳೆಣಿಕೆಯಷ್ಟು, ನೀನು ಪರೀಕ್ಷೆ ಬರಿ ಎಂದರು. ಪರೀಕ್ಷೆ ಮನೆಯಿಂದಲೇ, ಆನ್‌ಲೈನಿನಲ್ಲಿ. ನನ್ನ ಹತ್ತಿರ ಕಂಪ್ಯೂಟರ್ ಇರಲಿಲ್ಲ. ಕ್ಲಾಸಿನ ಗೆಳತಿ ನಾಜಿಯಾ ತನ್ನ ಲ್ಯಾಪ್‌ಟಾಪ್ ಕೊಡುತ್ತೇನೆಂದಳು. ಅವಳ ತಂದೆಗೆ ಶಿವಾಜಿನಗರದಲ್ಲಿ ಸೂಟ್‌ಕೇಸಿನ ಅಂಗಡಿ. ಅವಳು ಅಲ್ಲಿಂದ ಎರಡು ಬಸ್ಸು ಹಿಡಿದು ನಮ್ಮ ವಟಾರಕ್ಕೆ ಬಂದಳು. ಗೇಟಿನಲ್ಲಿ ಬೆರಳು ಅಲ್ಲಾಡಿತು. ಅವಳು ಬ್ಯಾಗು ತೆರೆದಳು. ಅವರು ನೋಡಿದರು. ಅವಳು ಮುಚ್ಚಿದಳು. ಬೆರಳು ಮತ್ತೆ ಅಲ್ಲಾಡಿತು.

ನಾಜಿಯಾ ಬುರ್ಖಾದ ತೋಳು ಮೇಲೆ ಸರಿಸಿಕೊಂಡು ನಿಧಾನವಾಗಿ ಕೇಳಿದಳು: "ಅಂಕಲ್, ನನ್ ಮುಂದೆ ಹೋದ ಆಂಟಿ ಬ್ಯಾಗ್ ಒಂದ್ಸಲ ನೋಡಿದ್ರಿ. ನಂದು ಎರಡು ಸಲ ಯಾಕೆ?"

ಅವರು ಕುರ್ಚಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ದಾರಿ ಬಿಟ್ಟರು. ಅಂದು ಸಂಜೆ ಅಜ್ಜಿ ನಮ್ಮ ಕೋಣೆಗೆ ಎರಡು ತಟ್ಟೆ ಬಜ್ಜಿ ಕಳಿಸಿದ್ದರು. ಕಳಿಸಿದ್ದು ಯಾರ ಮಾತಿನಂತೆ ಎಂದು ನನಗೆ ಗೊತ್ತಾಗಲಿಲ್ಲ. "ಚೆಕ್ ಮಾಡಿ ತಿನ್ನು ಮಗಾ" ಎಂದಳು ನಾಜಿಯಾ.

ಪರೀಕ್ಷೆ ಚೆನ್ನಾಗಿ ಆಯಿತು. ಕೆಲವು ವಾರಗಳ ಮೇಲೆ ಆಯ್ಕೆಪಟ್ಟಿಯಲ್ಲಿ ನನ್ನ ಹೆಸರು ಬಂತು. ಸಂದರ್ಶನವೊಂದು ಬಾಕಿ, ಅದಾದರೆ ಫೀಸಿಲ್ಲ, ಹಾಸ್ಟೆಲ್ಲಿಗೂ ಊಟಕ್ಕೂ ಏನೂ ಕೊಡಬೇಕಿಲ್ಲ. ಈ ಮಾತು ಕೇಳಿದ ಕೂಡಲೇ ಅಪ್ಪನ ಮುಖ ಇಳಿಯಿತು. ಪುಕ್ಕಟೆಯಾಗಿ ಏನಾದರೂ ಸಿಗುತ್ತದೆಂದರೆ ಹಿಂದೆ ಏನಿದೆ ಎಂದು ನೋಡುವುದು ಅವನಿಗೂ ಅಭ್ಯಾಸವಾಗಿತ್ತು. ಅವನು ನನ್ನನ್ನು ಕರೆದುಕೊಂಡು ನೇರ ಅವರ ಬಳಿ ಹೋದ.

"ಸರ, ನಮಗೇನ್ ತಿಳೀತದ್ರಿ. ನೀವು ದೊಡ್ಡ ದೊಡ್ಡ ಮಂದಿನ ಕಂಡವ್ರು. ಇದು ಖರೇ ಅದನೋ ಸುಳ್ಳೋ ನೋಡಿ ಹೇಳ್ರಿ."

ಅವರು ಆಯ್ಕೆಯ ಸಂದೇಶವಿದ್ದ ನನ್ನ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ಓದಿದರು. ಆಮೇಲೆ ನನ್ನನ್ನು ಬಿಟ್ಟು ಅಪ್ಪನನ್ನು ಕೇಳಿದರು: "ಅವರಿಗೆ ಇವಳಿಂದ ಏನಾಗ್ಬೇಕು?"

ಅಪ್ಪ ನನ್ನ ಮುಖ ನೋಡಿದ.

"ಫ್ರೀಯಾಗಿ ಓದಿಸ್ತಾರೆ, ಊಟ ಹಾಕ್ತಾರೆ. ಅಷ್ಟು ದೂರದಿಂದ ಕರೀತಾರೆ. ಯಾಕೆ? ಅವರ ಊರಲ್ಲಿ ಹುಡುಗೀರಿಲ್ವಾ?"

ನಾನು ಮೆರಿಟ್ಟು ಎಂದೆ. ಅವರು ಆ ಪದವನ್ನು ಕೇಳಿಸಿಕೊಳ್ಳಲೇ ಇಲ್ಲ. ಮುಂದಿನ ವಿಷಯ ಕೇಳಿದ ಮೇಲಂತೂ ಅವರ ಕಣ್ಣು ಇನ್ನಷ್ಟು ಸಣ್ಣದಾಯಿತು. ಅಲ್ಲಿ ಸೇರುವ ದಿನ ಇಲ್ಲಿಯ ಕಾಲೇಜಿನ ಟಿ.ಸಿ. ಕೊಡಬೇಕು. ಟಿ.ಸಿ. ತೆಗೆದುಕೊಂಡರೆ ಇಲ್ಲಿಯ ಸೀಟು ಹೋದಂತೆಯೇ. ಅಲ್ಲಿ ಏನಾದರೂ ಎಡವಟ್ಟಾದರೆ ನಾನು ಯಾವ ಕಾಲೇಜಿನವಳೂ ಅಲ್ಲ, ಎರಡು ವರ್ಷದ ಓದು ನೀರಿನಲ್ಲಿ ಹೋಮ.

"ಅದೇ ನೋಡಿ" ಎಂದರು ಅಪ್ಪನಿಗೆ. "ಮೊದ್ಲು ಕೈಯಲ್ಲಿರೋದನ್ನ ಬಿಡಿಸ್ತಾರೆ. ನಾನು ಹೇಳೋ ತನಕ ಟಿ.ಸಿ. ತೆಗೀಬೇಡಿ."

ಮಾರನೆಯ ದಿನ ಅವರು ನಮಗೆ ಹೇಳದೆ ಕಾಲೇಜಿಗೆ ಹೋದರು. ನಾನು ಲ್ಯಾಬಿನಿಂದ ಹೊರಬರುವಾಗ ಸ್ಟಾಫ್ ರೂಮಿನ ಬಾಗಿಲಲ್ಲಿ ಅವರ ಬೆನ್ನು ಕಂಡಿತು. ಗಣಿತದ ಮೇಡಂ ಎದ್ದು ನಿಂತಿದ್ದರು.

"ನೀವು ಎಷ್ಟು ಮಕ್ಕಳನ್ನ ಹಿಂಗೆ ಕಳ್ಸಿದ್ದೀರಿ?" ಎಂದು ಇವರು ಕೇಳುತ್ತಿದ್ದರು.

"ಇವಳೇ ಮೊದಲು."

"ನಿಮಗೇನು ಸಿಗುತ್ತೆ?"

ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಮೇಡಂ ಕೆಂಪಾದರು, ಆದರೆ ದನಿಯೇರಿಸಲಿಲ್ಲ. "ಏನ್ ಸಿಗುತ್ತೆ ಸಾರ್? ಕ್ಲಾಸಲ್ಲಿ ಪ್ರಶ್ನೆ ಕೇಳೋಳು ಇವಳೊಬ್ಬಳು. ಮುಂದಿನ ವರ್ಷ ಅವಳೂ ಇರಲ್ಲ. ಅದು ಸಿಗುತ್ತೆ ನನಗೆ."

ಇವರು ಕೈಮುಗಿದು ಬಂದುಬಿಟ್ಟರು. ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ. ಟಿನ್ ಫ್ಯಾಕ್ಟರಿ ಸ್ಟಾಪು ದಾಟಿದ ಮೇಲೆ ಅವರೇ, "ಆ ಮೇಡಂ ಸರಿಯಾಗಿದ್ದಾರೆ. ಅವರಿಗೂ ಗೊತ್ತಿಲ್ದೆ ಯಾರೋ ಮೋಸ ಮಾಡ್ತಿರಬಹುದು" ಎಂದರು.

ಸಂದರ್ಶನ ನಾಜಿಯಾಳ ಲ್ಯಾಪ್‌ಟಾಪಿನಲ್ಲೇ ಆಯಿತು. ಚೆನ್ನಾಗಿಯೇ ಮಾತಾಡಿದೆ ಎನ್ನಿಸಿತ್ತು. ವಾರದ ಮೇಲೆ, ಇನ್ನೊಂದು ಸಂದರ್ಶನವಿದೆ, ಈ ಸಲ ಕ್ಯಾಮೆರಾದ ಮುಂದೆ ಲೆಕ್ಕ ಬಿಡಿಸಿ ತೋರಿಸಬೇಕು ಎಂಬ ಸಂದೇಶ ಬಂತು. ಆಯ್ಕೆಯಾದವರೆಲ್ಲ ಸೇರಿ ಒಂದು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದೆವು. ಅಲ್ಲಿ ಕೇಳಿದೆ. ಉತ್ತರ ಕೊಟ್ಟವರೆಲ್ಲ ದೊಡ್ಡ ದೊಡ್ಡ ಕಾಲೇಜುಗಳವರು, ಅವರಲ್ಲಿ ಯಾರಿಗೂ ಎರಡನೆಯ ಸಂದರ್ಶನ ಇರಲಿಲ್ಲ.

ಆ ದಿನ ತೆರೆಯ ಮೇಲೆ ಮೂವರಿದ್ದರು. ನಡುವಿನಲ್ಲಿ ಬಿಳಿಗೂದಲಿನ ಒಬ್ಬ ಪ್ರೊಫೆಸರಮ್ಮ. ಪಕ್ಕದವರು ನನಗೆ ಲ್ಯಾಪ್‌ಟಾಪ್ ಎತ್ತಿ ಕೋಣೆಯನ್ನೆಲ್ಲ ತೋರಿಸಲು ಹೇಳಿದರು. ಗೋಡೆ ತೋರಿಸಿದೆ. ಅವ್ವನ ಪಾತ್ರೆಗಳನ್ನು ತೋರಿಸಿದೆ. ಮಂಚದ ಕೆಳಗೆ ತೋರಿಸಿ ಎಂದರು. ಅಲ್ಲಿ ಅಪ್ಪನ ಕರಣಿ, ತೂಗುಗುಂಡು, ಸಿಮೆಂಟು ಮೆತ್ತಿದ ಚಪ್ಪಲಿ ಇದ್ದವು. ಅವನ್ನೂ ತೋರಿಸಿದೆ. ಬಾಗಿಲ ಕಡೆ ತಿರುಗಿಸಿದಾಗ ಹೊಸ್ತಿಲಲ್ಲಿ ಅವರು ನಿಂತಿದ್ದರು.

"ಯಾರದು?" ಎಂದು ತೆರೆಯ ಮೇಲಿದ್ದವರು ಇಂಗ್ಲಿಷಿನಲ್ಲಿ ಕೇಳಿದರು.

"ಮನೆ ಓನರ್" ಎಂದೆ. ಅವರು ಹೊರಗೆ ಹೋಗಬೇಕೆಂದು ಆ ಕಡೆಯಿಂದ ಅಪ್ಪಣೆಯಾಯಿತು. ಅವರು ಹೋಗಲಿಲ್ಲ. ಬಗ್ಗಿ ಲ್ಯಾಪ್‌ಟಾಪಿಗೆ ಮುಖ ತಂದು, ಡ್ಯೂಟಿಯ ದನಿಯಲ್ಲಿ ಹೇಳಿದರು: "ಮೇಡಂ, ಯೂ ಆಲ್ಸೋ ಶೋ ಯುವರ್ ರೂಮ್, ಪ್ಲೀಸ್."

ನನ್ನ ಸೀಟು ಹೋಯಿತು ಎಂದುಕೊಂಡೆ. ಆ ಬಿಳಿಗೂದಲಿನ ಪ್ರೊಫೆಸರಮ್ಮ ತಮ್ಮ ಕಂಪ್ಯೂಟರನ್ನು ಎತ್ತಿ ನಿಧಾನವಾಗಿ ಸುತ್ತಲೂ ತಿರುಗಿಸಿದರು. ಪುಸ್ತಕದ ಕಪಾಟು, ಕಿಟಕಿ, ಗೋಡೆಯ ಮೇಲೆ ತೇವದ ಕಲೆ, ಚಹಾದ ಲೋಟ ಬಚ್ಚಿಡಲು ನೋಡುತ್ತಿದ್ದ ಇನ್ನೊಬ್ಬ ಪ್ರೊಫೆಸರ್. ಇವರು ಎಲ್ಲವನ್ನೂ ನೋಡಿ, "ಥ್ಯಾಂಕ್ಯೂ" ಎಂದು ಹೊರಗೆ ಹೋಗಿ ಬಾಗಿಲು ಮುಂದಕ್ಕೆಳೆದರು.

ಲೆಕ್ಕ ಬಿಡಿಸಿದೆ. ಎರಡು ದಿನದಲ್ಲಿ ಸೀಟು ಖಾತ್ರಿಯಾಯಿತು. ಅವರು ಅಪ್ಪನನ್ನು ಕರೆದು, "ಟಿ.ಸಿ. ತೆಗೀರಿ" ಎಂದರು.

"ಹ್ಯಾಂಗ ನಂಬೂದ್ರಿ ಸರ?"

"ಮಂಚದ ಕೆಳಗೆ ನೋಡಿದ್ರಲ್ಲ. ಮೋಸ ಮಾಡೋರು ಚೆಕ್ ಮಾಡಲ್ಲ. ಯಾರ್ ಬಂದ್ರೂ ಬನ್ನಿ ಬನ್ನಿ ಅಂತಾರೆ."

ಆದರೆ ಈಗ ನಾನೇ ಹೋಗುವುದಿಲ್ಲ ಎಂದೆ. ಅವ್ವ ಬೇಡಿಕೊಂಡಳು, ಅಪ್ಪ ಬೈದ. ನನಗೆ ಬೇರೆ ಏನೂ ಕಾಣಿಸುತ್ತಿರಲಿಲ್ಲ, ಆ ಚಪ್ಪಲಿಗಳನ್ನು ತೋರಿಸುತ್ತಿದ್ದ ನನ್ನ ಕೈ ಮಾತ್ರ ಕಾಣಿಸುತ್ತಿತ್ತು. ಮಧ್ಯಾಹ್ನ ನೀರು ತರಲು ಹೊರಗೆ ಬಂದಾಗ ಅವರು ಗೇಟಿನ ಬಳಿ ತಡೆದರು.

"ಹೋಗಲ್ವಂತೆ?"

"ಇಲ್ಲ."

"ಚೆಕ್ ಮಾಡಿದ್ರು ಅಂತ ಕೋಪಾನಾ? ಕಾರ್ಖಾನೇಲಿ ದೊಡ್ಡ ದೊಡ್ಡ ಇಂಜಿನಿಯರೆಲ್ಲ ನನ್ ಮುಂದೆ ಡಬ್ಬಿ ತೆಗೆದು ತೋರಿಸ್ತಿದ್ರು. ಯಾರೂ ಬೇಜಾರ್ ಮಾಡ್ಕೊಳ್ತಿರಲಿಲ್ಲ."

"ಅಲ್ಲಿ ಎಲ್ಲರದ್ದೂ ನೋಡ್ತಿದ್ರಿ ತಾತ. ಇವರು ನಂದೊಬ್ಬಳದ್ದೇ ನೋಡಿದ್ರು. ಬೇರೆಯವರಿಗೆ ಒಂದ್ಸಲ, ನನಗೆ ಎರಡು ಸಲ. ಯಾಕೆ?"

ಹೇಳಿದ ಮೇಲೆ ಆ ಪ್ರಶ್ನೆ ನನ್ನದಲ್ಲ, ನಾಜಿಯಾಳದು ಎಂಬುದು ಹೊಳೆಯಿತು. ಅವರಿಗೂ ಹೊಳೆದಿರಬೇಕು. ಕುರ್ಚಿಯ ಬೆನ್ನಿನ ಮೇಲಿಂದ ಕೈ ತೆಗೆದರು.

"ನನ್ನನ್ನ ಕೇಳಿದ್ರೆ ನನ್ ಹತ್ರ ಉತ್ತರ ಇಲ್ಲಮ್ಮ" ಎಂದರು. "ಅಲ್ಲೇ ಹೋಗಿ, ಅವರ ಎದುರಿಗೆ ನಿಂತು ಕೇಳು. ಏನ್ ಹೇಳ್ತಾರೆ ನೋಡು. ಸರಿ ಇಲ್ದಿದ್ರೆ ವಾಪಸ್ ಬಂದ್ಬಿಡೋಣ. ನಾನೂ ಬರ್ತೀನಿ."

"ಟಿ.ಸಿ. ಹೋಗಿರುತ್ತಲ್ಲ ತಾತ."

"ಹೋಗಿರುತ್ತೆ" ಎಂದರು. ಅದಕ್ಕೆ ಪರಿಹಾರವಿದೆ ಎಂದು ಅವರು ಸುಳ್ಳು ಹೇಳಲಿಲ್ಲ. ಆ ಒಂದು ಕಾರಣಕ್ಕೇ ನಾನು ಒಪ್ಪಿದೆನೋ ಏನೋ.

ಕೆ.ಆರ್. ಪುರದಲ್ಲಿ ರೈಲು ಹತ್ತಿದ್ದು ಮೂವರು: ಅಪ್ಪ, ನಾನು, ಅವರು. ಅಜ್ಜಿ ಪುಳಿಯೋಗರೆ ಕಟ್ಟಿಕೊಟ್ಟು ನನ್ನ ಕಿವಿಯಲ್ಲಿ, "ಟಿಟಿ ಜೊತೆ ಜಗಳ ಆಡದ ಹಾಗೆ ನೋಡ್ಕೋ ಕಣ್ಣು" ಎಂದಿದ್ದರು. ಆಡಿದರು. ಟಿಟಿ ಕೋಟಿನ ಮೇಲೆ ಹೆಸರಿನ ಪಟ್ಟಿ ಇರಲಿಲ್ಲ.

ವಿಶ್ವವಿದ್ಯಾಲಯದ ಗೇಟು ನಮ್ಮೂರಿನ ಕೋಟೆಯ ಬಾಗಿಲಿಗಿಂತ ದೊಡ್ಡದಿತ್ತು. ಅಲ್ಲಿದ್ದ ಸೆಕ್ಯೂರಿಟಿಯವನು ನಮ್ಮ ಮೂರು ಚೀಲ, ಒಂದು ಟ್ರಂಕು ನೋಡಿ, ಹೊಸಬರು ಎಂದು ತಿಳಿದು ನಗುತ್ತ ಒಳಗೆ ಹೋಗಿ ಎಂದು ಕೈ ತೋರಿಸಿದ. ಇವರು ಹತ್ತು ಹೆಜ್ಜೆ ಹೋಗಿ ನಿಂತುಬಿಟ್ಟರು. ಮುಖ ಬಿಳಿಚಿಕೊಂಡಿತ್ತು.

"ಬ್ಯಾಗ್ ನೋಡ್ಲೇ ಇಲ್ಲ" ಎಂದರು.

"ಹೋಗ್ಲಿಬಿಡ್ರಿ ಸರ" ಎಂದ ಅಪ್ಪ.

"ಏನ್ ಹೋಗ್ಲಿ? ಯಾರ್ ಬೇಕಾದ್ರೂ ಏನ್ ಬೇಕಾದ್ರೂ ತಗೊಂಡು ಒಳಗೆ ಹೋಗಬಹುದು. ಹುಡುಗೀನ ಇಲ್ಲಿ ಬಿಟ್ಟು ಹೋಗ್ತೀರಾ?" ತಿರುಗಿ ಗೇಟಿಗೆ ಹೋಗಿ, ಭಾಷೆ ಬಾರದ ಆ ಮನುಷ್ಯನಿಗೆ ಚೀಲ ತೆರೆಸಿ ನೋಡುವುದು ಹೇಗೆಂದು ಕೈಸನ್ನೆಯಲ್ಲಿ ತೋರಿಸತೊಡಗಿದರು. ಅವನು ಭಕ್ತಿಯಿಂದ ಅಜ್ಜಿಯ ಪುಳಿಯೋಗರೆ ಡಬ್ಬಿಯನ್ನು ಪರೀಕ್ಷಿಸಿದ.

ನಾನು ಟಿ.ಸಿ. ಕೊಡುವ ಮೊದಲು ಆ ಬಿಳಿಗೂದಲಿನ ಪ್ರೊಫೆಸರಮ್ಮನ ಕೋಣೆಗೆ ಹೋದೆ. ರೈಲಿನಲ್ಲಿ ಇಂಗ್ಲಿಷ್ ವಾಕ್ಯ ಜೋಡಿಸಿಕೊಂಡಿದ್ದೆ, ಎಲ್ಲ ಮರೆತುಹೋಯಿತು. ಎರಡನೆಯ ಸಂದರ್ಶನ ಎಲ್ಲರಿಗೂ ಮಾಡಿದಿರಾ, ನನಗೊಬ್ಬಳಿಗೇ ಮಾಡಿದಿರಾ ಎಂದಷ್ಟೇ ಕೇಳಿದೆ.

ಅವರು ಕನ್ನಡಕ ತೆಗೆದರು. "ಎಲ್ಲರಿಗೂ ಅಲ್ಲ. ನಿನಗೆ, ಇನ್ನಿಬ್ಬರಿಗೆ. ನಿಮ್ಮ ಕಾಲೇಜುಗಳ ಹೆಸರು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಉತ್ತರಗಳು ತುಂಬ ಚೆನ್ನಾಗಿದ್ದವು. ಅದಕ್ಕೇ ಅನುಮಾನ ಬಂತು" ಎಂದರು. ಕ್ಷಮೆ ಕೇಳಲಿಲ್ಲ. ಆಮೇಲೆ, "ಅದು ನ್ಯಾಯವಲ್ಲ ಎನ್ನಿಸಿದರೆ ಸಮಿತಿಯ ಮುಂದೆ ಬಂದು ಹೇಳು" ಎಂದರು. ಆ ವರ್ಷದ ಕೊನೆಗೆ ಹೇಳಿದೆ. ಈಗ ಎಲ್ಲರಿಗೂ ಎರಡು ಸಂದರ್ಶನ. ಅದಕ್ಕೆ ನಾನು ಕಾರಣವೋ ಅಲ್ಲವೋ ತಿಳಿಯದು. ಹೊಸಬರು ಗೊಣಗುತ್ತಾರೆ.

ಹೊರಗೆ ಮರದ ಕೆಳಗೆ ಅಪ್ಪ ಟ್ರಂಕಿನ ಮೇಲೆ ಕೂತಿದ್ದ, ಅವರು ನಿಂತಿದ್ದರು. ಪ್ರೊಫೆಸರಮ್ಮ ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ. ಅವರು ಎರಡು ಸಲ ಹೇಳಿಸಿದರು.

"ಎಲ್ಲರಿಗೂ ಮಾಡಿದ್ವಿ ಅಂತ ಹೇಳಬಹುದಿತ್ತು. ನಿನಗೆ ಹೆಂಗ್ ಗೊತ್ತಾಗ್ತಿತ್ತು?"

"ಗೊತ್ತಾಗ್ತಿರಲಿಲ್ಲ."

"ಹೇಳ್ಲಿಲ್ಲ. ಟಿ.ಸಿ. ಕೊಡು."

"ಅವರಿಗೆ ನನ್ನಿಂದ ಏನಾಗ್ಬೇಕು ತಾತ? ಗೊತ್ತಾಯ್ತಾ?"

"ಇಲ್ಲ" ಎಂದರು. "ಅದು ಇನ್ನೂ ಗೊತ್ತಾಗಿಲ್ಲ. ಹುಷಾರಾಗಿರು."

ಸಂಜೆ ಅವರಿಬ್ಬರೂ ಹೊರಟರು. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು ಆಟೋ ಹತ್ತಿದ. ನನ್ನೆದುರು ಅವನು ಅಳಲಿಲ್ಲ. ಅತ್ತದ್ದು ರೈಲಿನಲ್ಲಿ. ಇದನ್ನು ಅವನು ನನಗೆ ಹೇಳಿದ್ದು ಮೊನ್ನೆ, ಅವರ ತಿಥಿಗೆಂದು ಬೆಂಗಳೂರಿಗೆ ಹೋಗಿದ್ದಾಗ.

ರೈಲು ಬಿಟ್ಟ ಮೇಲೆ ಅಪ್ಪನಿಗೆ ತಡೆಯಲಾಗಲಿಲ್ಲವಂತೆ. ಟವಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತನಂತೆ. ಎದುರು ಸೀಟಿನವರು ಪಾಪ, ಒಳ್ಳೆಯ ಜನ. ಯಾಕಣ್ಣ, ಏನಾಯ್ತು ಎಂದು ತೆಲುಗಿನಲ್ಲಿ ಕೇಳಿ, ಬಾಳೆಹಣ್ಣು ಮುಂದೆ ಹಿಡಿದರಂತೆ. ತಾತ ನಡುವೆ ಕೈ ಅಡ್ಡ ಹಾಕಿ, "ನಿಮಗ್ಯಾಕೆ? ಯಾಕೆ ಕೇಳ್ತಿದ್ದೀರಿ?" ಎಂದರಂತೆ. ಹಣ್ಣು ಕೊಟ್ಟವರು ಏನೋ ಅಂದರು. ಇವರು ಇನ್ನೇನೋ ಅಂದರು. ಅಕ್ಕಪಕ್ಕದ ಸೀಟಿನವರೆಲ್ಲ ಇಣುಕಿ ನೋಡತೊಡಗಿದರು.

"ಅಳಾಕತ್ತವ ನಾನು, ಜಗಳಕ್ಕ ನಿಂತವ್ರು ಅವ್ರು" ಎಂದ ಅಪ್ಪ.

"ಆಮೇಲೆ?" ಎಂದೆ.

"ಆಮ್ಯಾಲ ಏನಿಲ್ಲ. ಎದ್ದು ನಿಂತ್ರು. ನನ್ನ ಕಡೆ ಬೆನ್ನು ಮಾಡಿ, ಆ ಮಂದಿ ಕಡೆ ಮುಖ ಮಾಡಿ ನಿಂತ್ರು. ಯಾರಿಗೂ ನಾ ಕಾಣವಲ್ಲೆ. ನಂದು ಮುಗಿಯೂತನಕ ಹಂಗೇ ನಿಂತಿದ್ರು. ಒಮ್ಮೆನೂ ತಿರುಗಿ ನೋಡ್ಲಿಲ್ಲ."